ನಾಲ್ಕು ಕೋರ್ ಇದ್ದರೂ ದುಡಿಯೋದು ಒಂದೇ ಯಾಕೆ? ಲಿನಕ್ಸ್‌ನಲ್ಲಿ ಇಂಟರಪ್ಟ್ ಹಂಚಿಕೆಯ ದೋಷ ಹುಡುಕುವುದು

ಪ್ರ್ಯಾಕ್ಟಿಕಲ್ ಪರೀಕ್ಷೆಯ ದಿನ ಲ್ಯಾಬ್ ಸರ್ವರ್ ನಿಧಾನವಾದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ನೆಟ್ ಸ್ಲೋ ಐತ್ರಿ ಸರ್.’ ಇನ್ನೊಂದು, ‘ಸರ್ವರ್ ಹಳೇದಾತು, ಹೊಸಾದು ತರಸ್ಬೇಕ್ರಿ.’ ಮೊದಲನೆಯದಕ್ಕೆ ಕೇಬಲ್ ಕಿತ್ತು ಮತ್ತೆ ಹಾಕುತ್ತಾರೆ. ಎರಡನೆಯದಕ್ಕೆ ಕೊಟೇಶನ್, ಸಮಿತಿ, ಮಂಜೂರಾತಿ ಅಂತ ಒಂದು ಸೆಮಿಸ್ಟರ್ ಕಳೆಯುತ್ತದೆ. ಅಷ್ಟರಲ್ಲಿ ಪ್ರೋಗ್ರಾಂ ಸೇವ್ ಆಗದೆ ಕೂತ ಹುಡುಗರ ಮಾರ್ಕ್ಸ್ ಹೋಗಿಯೇ ಹೋಗಿರುತ್ತವೆ.

ಎರಡೂ ಮಾತು ನಿಜ ಇರಬಹುದು. ಆದರೆ ಮೂರನೆಯದೊಂದು ಸಾಧ್ಯತೆ ಇದೆ, ಅದನ್ನು ನೋಡುವವರು ಕಡಿಮೆ. ನಾಲ್ಕು ಕೋರ್‌ಗಳ ಯಂತ್ರದಲ್ಲಿ ‘ಟಾಪ್’ ಕಮಾಂಡ್ ಕೊಟ್ಟಾಗ ಒಟ್ಟು ಬಳಕೆ ಸುಮಾರು 25 ಪರ್ಸೆಂಟ್ ಅಂತ ತೋರಿಸುತ್ತದೆ. ‘ಮುಕ್ಕಾಲು ಭಾಗ ಖಾಲಿ ಇದೆ, ಸಿಪಿಯು ತೊಂದರೆ ಅಲ್ಲ’ ಅಂದುಕೊಳ್ಳುತ್ತೇವೆ. ಆಗ ಕೀಬೋರ್ಡ್‌ನಲ್ಲಿ 1 ಒತ್ತಿ ನೋಡಿ, ಕೋರ್‌ಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮೂರು ಕೋರ್ ಸುಮ್ಮನೆ ಕೂತಿವೆ, ಒಂದು ಮಾತ್ರ 100ಕ್ಕೆ ಮುಟ್ಟಿದೆ. ನಾಲ್ಕರಲ್ಲಿ ಒಂದು ಪೂರ್ತಿ ತುಂಬಿದರೆ ಸರಾಸರಿ 25, ಎಂಟರಲ್ಲಿ ಒಂದು ತುಂಬಿದರೆ 12.5. ಸರಾಸರಿಯ ಹಿಂದೆ ಅಡಗಿ ಕೂತ ಆ ಒಂದು ಕೋರ್ ಏನು ಮಾಡುತ್ತಿದೆ, ಅದರ ಕೆಲಸವನ್ನು ಉಳಿದವಕ್ಕೆ ಹಂಚುವುದು ಹೇಗೆ ಎಂಬುದೇ ಈ ಪಾಠ.

ಬಳಗದ ರೂಢಿಯಂತೆ ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

1. ಇಂಟರಪ್ಟ್ ಬಂದಾಗ ಒಳಗೆ ಏನಾಗುತ್ತದೆ?

ಒಂದು ಖಾನಾವಳಿ ಅಂದುಕೊಳ್ಳಿ. ಬಡಿಸುವವರು ನಾಲ್ಕು ಮಂದಿ. ಊಟಕ್ಕೆ ಕೂತವರು ‘ರೊಟ್ಟಿ ತರ್ರೀ’, ‘ಪಲ್ಯ ಹಾಕ್ರೀ’ ಅಂತ ಕರೆಯುತ್ತಾರೆ. ಈ ಕರೆಯೇ ಇಂಟರಪ್ಟ್. ನೆಟ್‌ವರ್ಕ್ ಕಾರ್ಡ್‌ಗೆ ಪ್ಯಾಕೆಟ್ ಬಂದಾಗ, ಡಿಸ್ಕ್ ಓದುವ ಕೆಲಸ ಮುಗಿದಾಗ, ಮೌಸ್ ಅಲ್ಲಾಡಿದಾಗ ಆ ಸಾಧನ ಪ್ರೊಸೆಸರ್‌ನ್ನು ಕರೆಯುತ್ತದೆ. ಕರೆ ಕೇಳಿದ ಕೋರ್ ಕೈಯಲ್ಲಿದ್ದ ಕೆಲಸ ಬಿಟ್ಟು ಅದಕ್ಕೆ ಓಗೊಡಬೇಕು.

ಲಿನಕ್ಸ್ ಈ ಓಗೊಡುವ ಕೆಲಸವನ್ನು ಎರಡು ಭಾಗ ಮಾಡಿದೆ. ಮೊದಲನೆಯದು ಹಾರ್ಡ್ ಇಂಟರಪ್ಟ್. ‘ಹಾಂ, ಕೇಳಿಸ್ತು’ ಅಂತ ಒಪ್ಪಿಕೊಂಡು ಕೆಲಸವನ್ನು ಪಟ್ಟಿಗೆ ಹಾಕುವಷ್ಟೇ ಅದರ ಕೆಲಸ, ಬಹಳ ಚಿಕ್ಕದು. ಎರಡನೆಯದು ಸಾಫ್ಟ್ಐಆರ್‌ಕ್ಯು. ಪ್ಯಾಕೆಟ್ ಬಿಚ್ಚುವುದು, ಫೈರ್‌ವಾಲ್ ನಿಯಮಗಳನ್ನು ದಾಟಿಸುವುದು, ಟಿಸಿಪಿ ಲೆಕ್ಕ ನೋಡುವುದು ಮುಂತಾದ ನಿಜವಾದ ದುಡಿಮೆ ಇಲ್ಲಿದೆ. ಇಲ್ಲಿ ನೆನಪಿಡಬೇಕಾದ ವಿಷಯ ಒಂದಿದೆ: ಬೇರೆ ಏರ್ಪಾಡು ಮಾಡದಿದ್ದರೆ ಸಾಫ್ಟ್ಐಆರ್‌ಕ್ಯು ಓಡುವುದು ಹಾರ್ಡ್ ಇಂಟರಪ್ಟ್ ಬಂದ ಅದೇ ಕೋರ್ ಮೇಲೆ. ಅಂದರೆ ಯಾರು ‘ಹಾಂ’ ಅಂದರೋ ಅವರೇ ಅಡುಗೆಮನೆಗೂ ಹೋಗಿ ಬಡಿಸಿಯೂ ಬರಬೇಕು. ಎಲ್ಲ ಕರೆಗೂ ಒಬ್ಬನೇ ‘ಹಾಂ’ ಅಂದರೆ ಉಳಿದ ಮೂವರು ಗೋಡೆಗೆ ಒರಗಿ ನಿಂತಿರುತ್ತಾರೆ.

ಹಳೆಯ ಪಿಸಿಗಳಲ್ಲಿ 8259 ಚಿಪ್ ಜೋಡಿ ಇತ್ತು, ಸಾಧನಗಳಿಗೆ ಸಿಗುತ್ತಿದ್ದದ್ದು 15 ಇಂಟರಪ್ಟ್ ತಂತಿಗಳು ಮಾತ್ರ. ಕೇಳುವ ಪ್ರೊಸೆಸರ್ ಕೂಡ ಒಂದೇ, ಹಾಗಾಗಿ ಹಂಚುವ ಪ್ರಶ್ನೆಯೇ ಇರಲಿಲ್ಲ. ಈಗಿನ ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳು ತಂತಿ ಬಿಟ್ಟು ಸಂದೇಶ ಕಳಿಸುತ್ತವೆ. ಎಂಎಸ್‌ಐ-ಎಕ್ಸ್ ಎಂಬ ಈ ಪದ್ಧತಿಯಲ್ಲಿ ಒಂದು ಸಾಧನಕ್ಕೆ 2,048ರವರೆಗೆ ಬೇರೆ ಬೇರೆ ಇಂಟರಪ್ಟ್ ಇರಬಹುದು, ಪ್ರತಿಯೊಂದನ್ನೂ ಬೇರೆ ಕೋರ್‌ಗೆ ಕಳಿಸಬಹುದು. ಹಂಚಿಕೆ ಸಾಧ್ಯವಾಗಿದ್ದೇ ಇದರಿಂದ.

2. ಮೊದಲು ಎಣಿಕೆ ನೋಡಿ

‘ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್’ ಅಂತ ಕೊಟ್ಟರೆ ಉದ್ದನೆಯ ಕೋಷ್ಟಕ ಬರುತ್ತದೆ. ಪ್ರತಿ ಸಾಲು ಒಂದು ಇಂಟರಪ್ಟ್, ಪ್ರತಿ ಕಂಬ ಒಂದು ಸಿಪಿಯು, ಕೊನೆಯಲ್ಲಿ ಸಾಧನದ ಹೆಸರು. ಆದರೆ ಅಲ್ಲಿರುವುದು ಯಂತ್ರ ಬೂಟ್ ಆದಾಗಿನಿಂದ ಕೂಡಿದ ಮೊತ್ತ. ಹೋದ ವಾರ ನಡೆದದ್ದು, ಈಗ ನಡೆಯುತ್ತಿರುವುದು ಎಲ್ಲಾ ಅದರಲ್ಲೇ ಬೆರೆತಿದೆ. ಹಾಗಾಗಿ ತೊಂದರೆ ಆಗುತ್ತಿರುವಾಗಲೇ 10 ಸೆಕೆಂಡ್ ಅಂತರದಲ್ಲಿ ಎರಡು ಸಲ ಓದಿ, ವ್ಯತ್ಯಾಸ ತೆಗೆಯಬೇಕು. ಕಣ್ಣಳತೆಗೆ ‘ವಾಚ್ -ಎನ್1 -ಡಿ ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್’ ಸಾಕು, ಬದಲಾದ ಅಂಕಿಗಳು ಎದ್ದು ಕಾಣುತ್ತವೆ.

ವ್ಯತ್ಯಾಸ ತೆಗೆದ ಮೇಲೆ ಹೀಗೆ ಕಂಡಿತು ಅಂತ ಇಟ್ಟುಕೊಳ್ಳೋಣ (ಪಾಠಕ್ಕಾಗಿ ಮಾಡಿಕೊಂಡ ಅಂಕಿಗಳು):

| ನಂಬರ್ | ಸಿಪಿಯು0 | ಸಿಪಿಯು1 | ಸಿಪಿಯು2 | ಸಿಪಿಯು3 | ಸಾಧನ |
|---|---|---|---|---|---|
| 128 | 41,200 | 0 | 0 | 0 | ನೆಟ್‌ವರ್ಕ್ ಕಾರ್ಡ್ |
| 129 | 310 | 0 | 0 | 0 | ಎನ್‌ವಿಎಂಇ ಕ್ಯೂ 1 |
| 130 | 0 | 275 | 0 | 0 | ಎನ್‌ವಿಎಂಇ ಕ್ಯೂ 2 |
| 131 | 0 | 0 | 290 | 0 | ಎನ್‌ವಿಎಂಇ ಕ್ಯೂ 3 |
| 132 | 0 | 0 | 0 | 305 | ಎನ್‌ವಿಎಂಇ ಕ್ಯೂ 4 |

ಡಿಸ್ಕ್‌ನ ನಾಲ್ಕು ಕ್ಯೂ ನಾಲ್ಕು ಕೋರ್‌ಗೆ ಹಂಚಿಹೋಗಿವೆ. ನೆಟ್‌ವರ್ಕ್ ಮಾತ್ರ ಪೂರ್ತಿ ಸಿಪಿಯು0 ಮೇಲೆ. ಕೆಳಗಿನ ಎಲ್‌ಓಸಿ, ಆರ್‌ಇಎಸ್, ಟಿಎಲ್‌ಬಿ ಮುಂತಾದ ಸಾಲುಗಳನ್ನು ಬಿಟ್ಟುಬಿಡಿ. ಅವು ಕೋರ್‌ಗಳ ಸ್ವಂತ ಟೈಮರ್ ಮತ್ತು ಕೋರ್‌ಗಳು ತಮ್ಮೊಳಗೆ ಕಳಿಸಿಕೊಳ್ಳುವ ಸಂದೇಶಗಳು, ಹಂಚಲು ಬರುವಂಥವಲ್ಲ.

ಇಲ್ಲೇ ನಿಂತು ‘ಸಿಕ್ತು ನೋಡ್ರಿ’ ಅನ್ನಬಾರದು. ಅಸಮಾನತೆ ಕಂಡಿದೆ, ಅಷ್ಟೇ. ಅದು ತೊಂದರೆಯೋ ಅಲ್ಲವೋ ಗೊತ್ತಾಗಲು ‘ಎಂಪಿಸ್ಟ್ಯಾಟ್ -ಪಿ ಆಲ್ 1’ ಓಡಿಸಿ, ‘ಸಾಫ್ಟ್’ ಎಂಬ ಕಂಬ ನೋಡಿ (ಆಯ್ಕೆಯ ಪಿ ಮತ್ತು ಆಲ್ ಎರಡೂ ದೊಡ್ಡಕ್ಷರ). ಸಿಪಿಯು0ರಲ್ಲಿ ಅದು 90 ದಾಟಿ ಅಲ್ಲೇ ನಿಂತಿದ್ದರೆ ರೋಗ ಇಲ್ಲಿದೆ. ಬರೀ 8, 10 ಇದ್ದರೆ ಇಂಟರಪ್ಟ್ ಎಷ್ಟೇ ಹಂಚಿದರೂ ಸರ್ವರ್ ಚುರುಕಾಗುವುದಿಲ್ಲ. ‘ಐಓವೇಟ್’ ಹೆಚ್ಚಿದೆಯೇ ನೋಡಿ, ಡಿಸ್ಕ್ ಕಡೆ ಹೋಗಿ.

ಇನ್ನೊಂದು ಸೂಕ್ಷ್ಮ ಇದೆ. ಒತ್ತಡ ಜಾಸ್ತಿಯಾದಾಗ ಇಂಟರಪ್ಟ್ ಎಣಿಕೆ ಏರುವ ಬದಲು ಇಳಿಯಬಹುದು! ಲಿನಕ್ಸ್‌ನ ನ್ಯಾಪಿ ಎಂಬ ವ್ಯವಸ್ಥೆ ಮೊದಲ ಕರೆಗೆ ಓಗೊಟ್ಟ ಮೇಲೆ ಕಾರ್ಡ್‌ನ ಇಂಟರಪ್ಟ್ ತಾತ್ಕಾಲಿಕವಾಗಿ ನಿಲ್ಲಿಸಿ, ‘ಇನ್ನೇನಿದೆ?’ ಅಂತ ತಾನೇ ಕೇಳುತ್ತಾ ಹೋಗುತ್ತದೆ. ಪ್ಯಾಕೆಟ್ ತೀರದಿದ್ದರೆ ಹೊಸ ಇಂಟರಪ್ಟ್ ಬರುವುದೇ ಇಲ್ಲ. ಹಾಗಾಗಿ ಎಣಿಕೆ ಮಾತ್ರ ನಂಬಬೇಡಿ. ‘ಟಾಪ್’ನಲ್ಲಿ ‘ಕೆಸಾಫ್ಟ್ಐಆರ್‌ಕ್ಯುಡಿ/0’ ಮೇಲೆ ಬಂದು ಕೂತಿದ್ದರೆ, ‘/ಪ್ರಾಕ್/ನೆಟ್/ಸಾಫ್ಟ್‌ನೆಟ್_ಸ್ಟ್ಯಾಟ್’ ಫೈಲ್‌ನ ಮೊದಲ ಸಾಲಿನ ಮೂರನೇ ಕಂಬ ಏರುತ್ತಲೇ ಇದ್ದರೆ, ಅದು ಬಲವಾದ ಸಾಕ್ಷಿ. ಕೆಲಸ ಇನ್ನೂ ಬಾಕಿ ಇದ್ದಾಗಲೇ ಆ ಕೋರ್‌ನ ಸರದಿ ಎಷ್ಟು ಸಲ ಮುಗಿದಿದೆ ಎಂಬುದನ್ನು ಆ ಕಂಬ ಹೆಕ್ಸಾಡೆಸಿಮಲ್‌ನಲ್ಲಿ ಹೇಳುತ್ತದೆ.

3. ಮಾಸ್ಕ್ ಅಂದರೆ ಅನುಮತಿ, ಹಂಚಿಕೆ ಅಲ್ಲ

ಪ್ರತಿ ಇಂಟರಪ್ಟ್‌ಗೂ ಒಂದು ಫೈಲ್ ಇದೆ: ‘/ಪ್ರಾಕ್/ಐಆರ್‌ಕ್ಯು/128/ಎಸ್‌ಎಂಪಿ_ಅಫಿನಿಟಿ’. ಇದರೊಳಗೆ ಹೆಕ್ಸಾಡೆಸಿಮಲ್ ಮಾಸ್ಕ್ ಇರುತ್ತದೆ. ಒಂದೊಂದು ಬಿಟ್ ಒಂದೊಂದು ಸಿಪಿಯು. ಸಿಪಿಯು0ಕ್ಕೆ 1, ಸಿಪಿಯು1ಕ್ಕೆ 2, ಸಿಪಿಯು2ಕ್ಕೆ 4, ಸಿಪಿಯು3ಕ್ಕೆ 8. ನಾಲ್ಕೂ ಬೇಕಾದರೆ ಕೂಡಿಸಿ 15, ಅಂದರೆ ಹೆಕ್ಸಾದಲ್ಲಿ ‘ಎಫ್’. ಈ ಲೆಕ್ಕ ಬೇಡ ಅನ್ನುವವರಿಗೆ ಪಕ್ಕದಲ್ಲೇ ‘ಎಸ್‌ಎಂಪಿ_ಅಫಿನಿಟಿ_ಲಿಸ್ಟ್’ ಇದೆ. ಅದರಲ್ಲಿ ನೇರವಾಗಿ 0-3 ಅಂತ ಬರೆಯಬಹುದು.

ನಮ್ಮ ಉದಾಹರಣೆಯಲ್ಲಿ ಆ ಫೈಲ್ ತೆಗೆದರೆ ‘ಎಫ್’ ಅಂತಲೇ ಇದೆ. ನಾಲ್ಕೂ ಕೋರ್‌ಗೆ ಅವಕಾಶ ಇದೆ. ಆದರೂ ಎಲ್ಲಾ ಸಿಪಿಯು0ಗೇ ಹೋಗುತ್ತಿದೆ. ಇಲ್ಲಿ ತುಂಬಾ ಮಂದಿ ಗೊಂದಲಕ್ಕೆ ಬೀಳುತ್ತಾರೆ, ಕರ್ನಲ್ ಕೆಟ್ಟಿದೆ ಅಂತಾರೆ. ಕೆಟ್ಟಿಲ್ಲ. ಮಾಸ್ಕ್ ಹೇಳುವುದು ‘ಈ ಕೋರ್‌ಗಳಲ್ಲಿ ಎಲ್ಲಿ ಬೇಕಾದರೂ ಇಡಬಹುದು’ ಅಂತ. ‘ಎಲ್ಲಕ್ಕೂ ಸಮನಾಗಿ ಹಂಚು’ ಅಂತ ಅಲ್ಲ. ಕರ್ನಲ್ ಆ ಪಟ್ಟಿಯಿಂದ ಒಂದು ಕೋರ್ ಆರಿಸಿ, ಇಂಟರಪ್ಟ್‌ನ್ನು ಅದಕ್ಕೇ ಕಟ್ಟುತ್ತದೆ. ಯಾವುದನ್ನು ಆರಿಸಿತು ಅಂತ ತಿಳಿಯಲು ಅದೇ ಫೋಲ್ಡರ್‌ನ ‘ಎಫೆಕ್ಟಿವ್_ಅಫಿನಿಟಿ’ ಫೈಲ್ ನೋಡಿ. ಅಲ್ಲಿ 1 ಅಂತ ಇರುತ್ತದೆ, ಅಂದರೆ ಸಿಪಿಯು0.

ಹಳೆಯ ಟಿಪ್ಪಣಿಗಳಲ್ಲಿ ಬೇರೆ ಥರ ಓದಿರಬಹುದು. ಮೊದಲು ಕೋರ್‌ಗಳು ಕಡಿಮೆ ಇದ್ದ ಎಕ್ಸ್86 ಯಂತ್ರಗಳಲ್ಲಿ ಒಂದೇ ಇಂಟರಪ್ಟ್ ಹಲವು ಕೋರ್‌ಗಳ ನಡುವೆ ಓಡಾಡುವ ವಿಧಾನ ಇತ್ತು. 2018ರ ಜನವರಿಯಲ್ಲಿ ಬಂದ 4.15 ಕರ್ನಲ್‌ನಲ್ಲಿ ಎಕ್ಸ್86ನ ಈ ಭಾಗವನ್ನು ಹೊಸದಾಗಿ ಬರೆಯಲಾಯಿತು; ಅಲ್ಲಿಂದ ಒಂದು ಇಂಟರಪ್ಟ್‌ಗೆ ಒಂದೇ ಗುರಿ. ಇದು ನಷ್ಟವೇನಲ್ಲ. ಒಂದು ಸಂಪರ್ಕದ ಪ್ಯಾಕೆಟ್‌ಗಳು ಒಂದೇ ಕೋರ್‌ಗೆ ಬಂದರೆ ಬೇಕಾದ ಮಾಹಿತಿ ಅದರ ಕ್ಯಾಶ್‌ನಲ್ಲೇ ಬಿಸಿಯಾಗಿರುತ್ತದೆ, ಪ್ಯಾಕೆಟ್‌ಗಳ ಸರದಿಯೂ ತಪ್ಪುವುದಿಲ್ಲ.

ಇದರಿಂದ ಹೊರಡುವ ಸೂತ್ರ ಸರಳ. ಒಂದು ಇಂಟರಪ್ಟ್‌ನ್ನು ನಾಲ್ಕು ತುಂಡು ಮಾಡಲು ಬರುವುದಿಲ್ಲ. ಹಂಚಬೇಕಾದರೆ ಇಂಟರಪ್ಟ್‌ಗಳೇ ನಾಲ್ಕು ಇರಬೇಕು, ಅಂದರೆ ಕಾರ್ಡ್‌ಗೆ ನಾಲ್ಕು ಕ್ಯೂ ಇರಬೇಕು.

4. ಹುಡುಕುವ ಕ್ರಮ

ಅ. ಕ್ಯೂ ಎಷ್ಟಿವೆ? ‘ಈಥ್‌ಟೂಲ್ -ಎಲ್’ ಮುಂದೆ ಕಾರ್ಡ್‌ನ ಹೆಸರು ಕೊಡಿ (ಸಣ್ಣಕ್ಷರದ ಎಲ್). ಗರಿಷ್ಠ ಎಷ್ಟು, ಈಗ ಎಷ್ಟು ಎಂಬ ಎರಡು ಲೆಕ್ಕ ಬರುತ್ತವೆ. ಗರಿಷ್ಠ 4 ಇದ್ದು ಈಗ 1 ಇದ್ದರೆ ‘ಈಥ್‌ಟೂಲ್ -ಎಲ್’ಗೆ ದೊಡ್ಡಕ್ಷರದ ಎಲ್ ಬಳಸಿ, ‘ಕಂಬೈಂಡ್ 4’ ಅಂತ ಸೇರಿಸಿ ಏರಿಸಬಹುದು. ಏರಿಸುವಾಗ ಸಂಪರ್ಕ ಒಂದು ಕ್ಷಣ ಕಡಿಯಬಹುದು, ಪರೀಕ್ಷೆ ನಡೆಯುವಾಗ ಮಾಡಬೇಡಿ. ವರ್ಚುವಲ್ ಯಂತ್ರವಾದರೆ ಮೊದಲು ಹೊರಗಿನ ಹೋಸ್ಟ್‌ನಲ್ಲಿ ವರ್ಟಿಯೋ ಕಾರ್ಡ್‌ಗೆ ಹೆಚ್ಚು ಕ್ಯೂ ಕೊಟ್ಟಿರಬೇಕು, ಇಲ್ಲಾಂದ್ರೆ ಒಳಗಿನಿಂದ ಎಷ್ಟು ಕೇಳಿದರೂ ಸಿಗುವುದಿಲ್ಲ. ಸಾದಾ ಡೆಸ್ಕ್‌ಟಾಪ್ ಮದರ್‌ಬೋರ್ಡ್‌ನ ಕಾರ್ಡ್‌ಗಳಲ್ಲಿ ಹಲವಕ್ಕೆ ಒಂದೇ ಕ್ಯೂ. ಡೆಸ್ಕ್‌ಟಾಪ್ ಒಂದನ್ನೇ ಸರ್ವರ್ ಅಂತ ಕೂರಿಸಿದ ಲ್ಯಾಬ್‌ಗಳಲ್ಲಿ ಈ ಸ್ಥಿತಿ ಸಾಮಾನ್ಯ. ಅದಕ್ಕೆ ಮದ್ದು 5ನೇ ಭಾಗದಲ್ಲಿದೆ.

ಆ. ಐಆರ್‌ಕ್ಯುಬ್ಯಾಲೆನ್ಸ್ ಓಡುತ್ತಿದೆಯೇ? ‘ಸಿಸ್ಟಂಸಿಟಿಎಲ್ ಸ್ಟೇಟಸ್ ಐಆರ್‌ಕ್ಯುಬ್ಯಾಲೆನ್ಸ್’ ಕೊಟ್ಟು ನೋಡಿ. ಆರ್ಯನ್ ವಾನ್ ಡೆ ವೆನ್ ಎಂಬ ಡಚ್ ಪ್ರೋಗ್ರಾಮರ್ ಶುರುಮಾಡಿದ ಈ ಡೀಮನ್ ರೂಢಿಯಂತೆ 10 ಸೆಕೆಂಡ್‌ಗೊಮ್ಮೆ ಎದ್ದು, ಎಣಿಕೆ ನೋಡಿ, ಯಾವ ಇಂಟರಪ್ಟ್ ಎಲ್ಲಿರಬೇಕು ಅಂತ ಮಾಸ್ಕ್ ತಿದ್ದುತ್ತದೆ. ಅದು ಅಂಕಿಗಳನ್ನು ಸಮ ಮಾಡುವುದಿಲ್ಲ, ಭಾರವನ್ನು ಮಾತ್ರ ನೋಡುತ್ತದೆ. ಕಾರ್ಡ್‌ಗೆ ಒಂದೇ ಇಂಟರಪ್ಟ್ ಇದ್ದರೆ ಅದು ಹೆಚ್ಚೆಂದರೆ ಒಂದು ಕೋರ್‌ನಿಂದ ಇನ್ನೊಂದಕ್ಕೆ ದಾಟಿಸಬಹುದು, ತುಂಡು ಮಾಡಲಾರದು. ಅದು ಓಡುತ್ತಿರುವಾಗ ನೀವು ಕೈಯಿಂದ ಮಾಸ್ಕ್ ಬರೆದರೆ ಸ್ವಲ್ಪ ಹೊತ್ತಿಗೆ ಅದು ಅಳಿಸಿ ತನ್ನದನ್ನು ಬರೆಯಬಹುದು. ‘ಹಾಕಿದ್ದೆ, ತಾನಾಗೇ ಬದಲಾತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಒಂದೋ ಡೀಮನ್ ನಿಲ್ಲಿಸಿ, ಇಲ್ಲವೇ ‘--ಬ್ಯಾನ್‌ಐಆರ್‌ಕ್ಯು’ ಆಯ್ಕೆಯಿಂದ ಆ ಒಂದು ಇಂಟರಪ್ಟ್ ಮುಟ್ಟಬೇಡ ಅಂತ ಹೇಳಿ.

ಅದರ ಕಾನ್ಫಿಗ್ ಫೈಲ್ ಕೂಡ ತೆಗೆದು ನೋಡಿ. ಉಬುಂಟು, ಡೆಬಿಯನ್‌ನಲ್ಲಿ ‘/ಇಟಿಸಿ/ಡಿಫಾಲ್ಟ್/ಐಆರ್‌ಕ್ಯುಬ್ಯಾಲೆನ್ಸ್’, ಫೆಡೋರಾ ಬಳಗದಲ್ಲಿ ‘/ಇಟಿಸಿ/ಸಿಸ್‌ಕಾನ್ಫಿಗ್/ಐಆರ್‌ಕ್ಯುಬ್ಯಾಲೆನ್ಸ್’. ಹಿಂದೆ ಯಾರೋ ಯಾವುದೋ ಕಾರಣಕ್ಕೆ ‘ಬ್ಯಾನ್ಡ್ ಸಿಪಿಯು’ ಪಟ್ಟಿಯಲ್ಲಿ ಮೂರು ಕೋರ್ ಸೇರಿಸಿ ಹೋಗಿರಬಹುದು. ಕರ್ನಲ್ ಬೂಟ್ ಸಾಲಿನಲ್ಲಿ ‘ಐಸೋಲ್‌ಸಿಪಿಯುಸ್’ ಇದೆಯೇ ಅಂತಲೂ ನೋಡಿ. ಹಾಗೆ ಬೇರ್ಪಡಿಸಿದ ಕೋರ್‌ಗಳನ್ನು ಐಆರ್‌ಕ್ಯುಬ್ಯಾಲೆನ್ಸ್ ತಾನಾಗಿಯೇ ಬಿಟ್ಟುಬಿಡುತ್ತದೆ.

ಇ. ಬರೆದದ್ದು ನಿಜವಾಗಿ ಬರೆದಿತೇ? ‘ಸುಡು ಎಕೋ 2 > ...’ ಅಂತ ಕೊಟ್ಟರೆ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಸುಡು ಕೊಟ್ಟ ಮೇಲೂ ಯಾಕೆ? ರೂಟ್ ಅಧಿಕಾರ ಸಿಕ್ಕಿದ್ದು ‘ಎಕೋ’ಗೆ. ‘>’ ಗುರುತಿನ ಕೆಲಸ ಮಾಡುವುದು ನಿಮ್ಮ ಶೆಲ್, ಅದು ರೂಟ್ ಅಲ್ಲ. ‘ಎಕೋ 2 | ಸುಡು ಟೀ’ ಮುಂದೆ ಫೈಲ್ ಹೆಸರು ಕೊಡುವುದು ಸರಿಯಾದ ದಾರಿ. ರೂಟ್ ಆಗಿಯೂ ‘ಇನ್‌ಪುಟ್/ಔಟ್‌ಪುಟ್ ಎರರ್’ ಬಂದರೆ ಅದು ಬಹುಶಃ ಎನ್‌ವಿಎಂಇಯಂಥ ಸಾಧನ. ಅದರ ಕ್ಯೂಗಳ ಹಂಚಿಕೆಯನ್ನು ಕರ್ನಲ್ ತಾನೇ ನಿರ್ವಹಿಸುತ್ತದೆ, ಹೊರಗಿನವರಿಗೆ ಬದಲಿಸಲು ಬಿಡುವುದಿಲ್ಲ. ಅದು ದೋಷವಲ್ಲ, ಬಿಟ್ಟು ಮುಂದೆ ಹೋಗಿ.

ಈ. ಕ್ಯೂ ನಾಲ್ಕಿದ್ದರೂ ಒಂದೇ ತುಂಬುತ್ತಿದೆಯೇ? ಯಾವ ಪ್ಯಾಕೆಟ್ ಯಾವ ಕ್ಯೂಗೆ ಎಂಬುದನ್ನು ಕಾರ್ಡ್ ತೀರ್ಮಾನಿಸುತ್ತದೆ. ಎರಡೂ ತುದಿಯ ಐಪಿ ವಿಳಾಸ, ಪೋರ್ಟ್ ನಂಬರ್‌ಗಳಿಂದ ಒಂದು ಹ್ಯಾಶ್ ಮಾಡಿ ಕ್ಯೂ ಆರಿಸುತ್ತದೆ. ಇದರ ಹೆಸರು ಆರ್‌ಎಸ್‌ಎಸ್. ಒಂದು ಟಿಸಿಪಿ ಸಂಪರ್ಕದ ಎಲ್ಲಾ ಪ್ಯಾಕೆಟ್‌ಗಳಿಗೂ ಅದೇ ಹ್ಯಾಶ್, ಹಾಗಾಗಿ ಅದೇ ಕ್ಯೂ. ಒಂದು ಲ್ಯಾಪ್‌ಟಾಪ್‌ನಿಂದ ಒಂದೇ ದೊಡ್ಡ ಫೈಲ್ ಕಾಪಿ ಮಾಡಿ ‘ಹಂಚ್ತಾ ಇಲ್ಲ’ ಅಂದರೆ ಪರೀಕ್ಷೆಯೇ ತಪ್ಪು. ‘ಐಪರ್ಫ್3’ಗೆ ‘-ಪಿ 8’ ಕೊಟ್ಟು (ದೊಡ್ಡಕ್ಷರದ ಪಿ) ಎಂಟು ಸಂಪರ್ಕ ಓಡಿಸಿ, ಅಥವಾ ಲ್ಯಾಬ್‌ನ ಹತ್ತು ಯಂತ್ರಗಳಿಂದ ಒಟ್ಟಿಗೆ ಪರೀಕ್ಷಿಸಿ. ಎಲ್ಲಾ ಟ್ರಾಫಿಕ್ ಒಂದೇ ವಿಪಿಎನ್ ಸುರಂಗದೊಳಗೆ ಬರುತ್ತಿದ್ದರೂ ಹೊರಗಿನಿಂದ ಅದು ಒಂದೇ ಸಂಪರ್ಕದಂತೆ ಕಾಣುತ್ತದೆ ಎಂಬುದು ನೆನಪಿರಲಿ.

5. ಒಂದೇ ಕ್ಯೂ ಇರುವ ಕಾರ್ಡ್‌ಗೆ ಮದ್ದು

ಗೂಗಲ್‌ನ ಟಾಮ್ ಹರ್ಬರ್ಟ್ ಬರೆದ ಆರ್‌ಪಿಎಸ್ ಎಂಬ ಸೌಲಭ್ಯ 2010ರಲ್ಲಿ 2.6.35 ಕರ್ನಲ್ ಜೊತೆ ಬಂತು. ಕಾರ್ಡ್ ಮಾಡದ ಹ್ಯಾಶ್ ಕೆಲಸವನ್ನು ಇದು ಸಾಫ್ಟ್‌ವೇರ್‌ನಲ್ಲಿ ಮಾಡುತ್ತದೆ. ಹಾರ್ಡ್ ಇಂಟರಪ್ಟ್ ಎಂದಿನಂತೆ ಸಿಪಿಯು0ಕ್ಕೇ ಬರುತ್ತದೆ. ಆ ಕೋರ್ ಪ್ಯಾಕೆಟ್‌ನ್ನು ತಾನೇ ಪೂರ್ತಿ ಬಿಚ್ಚದೆ, ಸಂಪರ್ಕ ನೋಡಿ ಬೇರೆ ಕೋರ್‌ಗೆ ದಾಟಿಸುತ್ತದೆ. ಖಾನಾವಳಿಯಲ್ಲಿ ಒಬ್ಬ ಬಾಗಿಲ ಬಳಿ ನಿಂತು ಕರೆ ಕೇಳಿಸಿಕೊಂಡು, ‘ಆ ಪಂಕ್ತಿ ನೀ ನೋಡ್ಕೋ, ಈ ಪಂಕ್ತಿ ನೀ ನೋಡ್ಕೋ’ ಅಂದ ಹಾಗೆ.

ಫೈಲ್ ಇರುವುದು ‘/ಸಿಸ್/ಕ್ಲಾಸ್/ನೆಟ್/’ ಕೆಳಗೆ, ಕಾರ್ಡ್‌ನ ಹೆಸರಿನ ಫೋಲ್ಡರ್‌ನಲ್ಲಿ, ‘ಕ್ಯೂಸ್/ಆರ್‌ಎಕ್ಸ್-0/ಆರ್‌ಪಿಎಸ್_ಸಿಪಿಯುಸ್’. ಮೊದಲಿಗೆ ಅಲ್ಲಿ 0 ಇರುತ್ತದೆ, ಅಂದರೆ ಸೌಲಭ್ಯ ಬಂದ್. ಸಿಪಿಯು0 ಆಗಲೇ ದಣಿದಿದೆ, ಅದನ್ನು ಬಿಡೋಣ. ಉಳಿದ ಮೂರಕ್ಕೆ 2 + 4 + 8 = 14, ಹೆಕ್ಸಾದಲ್ಲಿ ‘ಇ’. ಆ ಒಂದಕ್ಷರ ಬರೆದು ಮತ್ತೆ ‘ಎಂಪಿಸ್ಟ್ಯಾಟ್’ ನೋಡಿ. ಹಲವು ಯಂತ್ರಗಳಿಂದ ಟ್ರಾಫಿಕ್ ಬರುತ್ತಿದ್ದರೆ ‘ಸಾಫ್ಟ್’ ಕಂಬದ ಭಾರ ಸಿಪಿಯು1, 2, 3ಕ್ಕೆ ಜರುಗಿದ್ದು ಕಾಣುತ್ತದೆ.

ಇದು ಪುಕ್ಕಟೆ ಅಲ್ಲ. ಒಂದು ಕೋರ್ ಇನ್ನೊಂದನ್ನು ಎಬ್ಬಿಸಲು ತಾನೂ ಒಂದು ಇಂಟರಪ್ಟ್ ಕಳಿಸಬೇಕು, ಅದಕ್ಕೂ ಸಮಯ ಹೋಗುತ್ತದೆ. ಹಾಗಾಗಿ ಕೋರ್ ತುಂಬಿದ್ದರೆ ಮಾತ್ರ ಮಾಡಿ. ಎಷ್ಟು ಟ್ರಾಫಿಕ್‌ಗೆ ತುಂಬುತ್ತದೆ ಎಂಬುದು ಪ್ಯಾಕೆಟ್‌ನ ಗಾತ್ರದ ಮೇಲೆ ನಿಂತಿದೆ. 1 ಗಿಗಾಬಿಟ್ ಈಥರ್ನೆಟ್‌ನಲ್ಲಿ 1,500 ಬೈಟ್ ಹೊತ್ತ ದೊಡ್ಡ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 81 ಸಾವಿರ. 64 ಬೈಟ್‌ನ ಸಣ್ಣ ಫ್ರೇಮ್‌ಗಳಾದರೆ ಸುಮಾರು 14.88 ಲಕ್ಷ. ತಂತಿ ಅದೇ, ಕೆಲಸ 18 ಪಟ್ಟು. ದೊಡ್ಡ ಫೈಲ್ ಕಾಪಿಗೆ ಈಗಿನ ಒಂದು ಕೋರ್ ಸಾಮಾನ್ಯವಾಗಿ ಸಾಕಾಗುತ್ತದೆ. ನೂರಾರು ಸಣ್ಣ ವಿನಂತಿಗಳು, ಉದ್ದನೆಯ ಫೈರ್‌ವಾಲ್ ಪಟ್ಟಿ, ಹಳೆಯ ಪ್ರೊಸೆಸರ್ ಇವು ಕೂಡಿದಾಗ ತೊಂದರೆ ಶುರು. ಒಂದು ಬ್ಯಾಚ್ ಪೂರ್ತಿ ಒಂದೇ ಹೊತ್ತಿಗೆ ಲಾಗಿನ್ ಆಗಿ ಸಣ್ಣ ಸಣ್ಣ ಫೈಲ್ ಸೇವ್ ಮಾಡುವ ಪರೀಕ್ಷೆಯ ದಿನ ನಿಖರವಾಗಿ ಇಂಥದ್ದೇ ಸಂದರ್ಭ.

6. ಮಾಡಿದ್ದು ಉಳಿಯಬೇಕಾದರೆ

‘/ಪ್ರಾಕ್’ ಮತ್ತು ‘/ಸಿಸ್’ನಲ್ಲಿ ಬರೆದದ್ದು ರೀಬೂಟ್ ಆದರೆ ಹೋಗುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಮತ್ತೆ ನಿಧಾನ ಅನ್ನಿಸಿದರೆ ಮೊದಲು ಇದನ್ನೇ ನೋಡಿ. ಬೂಟ್ ಆದಾಗ ಬರೆಯುವ ಸಣ್ಣ ಸಿಸ್ಟಂಡಿ ಸರ್ವಿಸ್ ಸಾಕು. ಆದರೆ ಸ್ಕ್ರಿಪ್ಟ್‌ನಲ್ಲಿ 128 ಅಂತ ನಂಬರ್ ಬರೆದಿಡಬೇಡಿ. ಹೊಸ ಕಾರ್ಡ್ ಹಾಕಿದರೆ, ಕರ್ನಲ್ ಬದಲಾದರೆ ನಂಬರ್ ಬದಲಾಗಬಹುದು. ‘/ಪ್ರಾಕ್/ಇಂಟರಪ್ಟ್ಸ್’ನಲ್ಲಿ ಸಾಧನದ ಹೆಸರು ಹುಡುಕಿ ನಂಬರ್ ತೆಗೆಯುವಂತೆ ಬರೆಯಿರಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬದಲಿಸುವ ಮೊದಲಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ಲ್ಯಾಬ್ ರೆಕಾರ್ಡ್‌ನಲ್ಲಿ ಬರೆದಿಡಿ. ಎಲ್ಲಾ ಮಾಡಿದ ಮೇಲೂ ನಾಲ್ಕೂ ಕೋರ್ 90 ದಾಟಿ ನಿಂತಿದ್ದರೆ, ಆಗ ಹೊಸ ಸರ್ವರ್ ಕೇಳುವುದು ನ್ಯಾಯ. ಸಮಿತಿಯ ಮುಂದೆ ಇಡಲು ಕೈಯಲ್ಲಿ ಅಂಕಿಗಳೂ ಇರುತ್ತವೆ.

ನೀವೇ ಮಾಡಿ ನೋಡ್ರಿ

1. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ‘ವಾಚ್’ ಕಮಾಂಡ್‌ನಿಂದ ಇಂಟರಪ್ಟ್ ಕೋಷ್ಟಕ ತೆರೆದಿಟ್ಟು ಯುಎಸ್‌ಬಿ ಮೌಸ್ ಅಲ್ಲಾಡಿಸಿ. ಯಾವ ಸಾಲು ಏರುತ್ತದೆ? ಯಾವ ಕೋರ್‌ನಲ್ಲಿ?

2. ಆ ಸಾಲಿನ ‘ಎಸ್‌ಎಂಪಿ_ಅಫಿನಿಟಿ’ ಮತ್ತು ‘ಎಫೆಕ್ಟಿವ್_ಅಫಿನಿಟಿ’ ಎರಡನ್ನೂ ಓದಿ. ಒಂದೇ ಇವೆಯೇ? ಇಲ್ಲದಿದ್ದರೆ ಯಾಕಿಲ್ಲ?

3. ಎಂಟು ಕೋರ್‌ಗಳ ಯಂತ್ರದಲ್ಲಿ ಸಿಪಿಯು2 ಮತ್ತು ಸಿಪಿಯು5ಕ್ಕೆ ಮಾತ್ರ ಅನುಮತಿ ಕೊಡುವ ಮಾಸ್ಕ್ ಯಾವುದು? (4 + 32 = 36, ಹೆಕ್ಸಾದಲ್ಲಿ 24.)

4. ಐಆರ್‌ಕ್ಯುಬ್ಯಾಲೆನ್ಸ್ ಓಡುತ್ತಿರುವಾಗ ಮಾಸ್ಕ್ ಬದಲಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಓದಿ. ಆಮೇಲೆ ಅದನ್ನು ನಿಲ್ಲಿಸಿ ಇದೇ ಪ್ರಯೋಗ ಮಾಡಿ. ಎರಡರಲ್ಲಿ ಕಂಡ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ.